ಬೆಣ್ಣೆ ಕೈಯಲ್ಲೇ ಇತ್ತು ಸ್ವಾಮಿ

2003ರ ಜನವರಿ 28ನೇ ತಾರೀಕು ಅಮೆರಿಕದಲ್ಲಿ ಹುಟ್ಟಿದ ಕೂಸುಗಳು ಏನು ಪುಣ್ಯ ಮಾಡಿದ್ವೋ, ನೆಟ್ಟಗೆ ಕಣ್ಣು ಬಿಡೋಕೆ ಮುಂಚೆನೇ ಅವಕ್ಕೆ ಕಾರು ಅಲಾಟ್ ಆಗೋಯ್ತು. ಅವತ್ತು ರಾತ್ರಿ ಪ್ರೆಸಿಡೆಂಟ್ ಜಾರ್ಜ್ ಬುಷ್ ಅವರು ಕಾಂಗ್ರೆಸ್ ಮುಂದೆ (ಅಲ್ಲಿನ ಕಾಂಗ್ರೆಸ್ಸು, ನಮ್ಮದಲ್ಲ) ಭಾಷಣ ಮಾಡ್ತಾ, ಇವತ್ತು ಹುಟ್ಟಿದ ಮಗು ದೊಡ್ಡದಾಗಿ ಮೊದಲ ಸಲ ಓಡಿಸೋ ಕಾರು ಹೈಡ್ರೋಜನ್ ಕಾರೇ ಆಗಿರಬಹುದು, ಹೊಗೆ ಇಲ್ಲ ಗಿಗೆ ಇಲ್ಲ ಅಂದ್ರು, ಅದಕ್ಕೆ 120 ಕೋಟಿ ಡಾಲರ್ ಕೇಳಿದ್ರು.

ಆಯ್ತು, ಕಾರಿಗೆ ಹೈಡ್ರೋಜನ್ ಎಲ್ಲಿಂದ ತರೋದು? ಬೋರ್‌ವೆಲ್ ಕೊರೆದ್ರೆ ಬರೋ ಸಾಮಾನಲ್ಲ ಅದು, ಯಾವುದಾದ್ರೂ ಒಂದರಿಂದ ಕಿತ್ತು ತೆಗೀಬೇಕು. ನ್ಯೂಕ್ಲಿಯರ್ ಇದ್ಯಲ್ಲ ಅಂದ್ರು. ಸರಿ, ಅದು ಹೇಗೆ ಅಂತ ಸ್ವಲ್ಪ ನಿಧಾನಕ್ಕೆ ನೋಡಿ, ಅವಸರ ಮಾಡಿದ್ರೆ ದಾರಿ ತಪ್ಪುತ್ತೆ. ಮೊದಲು ಯುರೇನಿಯಂ ಒಡೆದು ನೀರು ಕಾಯಿಸೋದು, ಆ ಹಬೇಲಿ ಟರ್ಬೈನ್ ತಿರುಗಿಸಿ ಕರೆಂಟ್ ಮಾಡೋದು, ಆ ಕರೆಂಟನ್ನ ಇನ್ನೊಂದು ನೀರಿಗೆ ಬಿಟ್ಟು ಹೈಡ್ರೋಜನ್ ಬೇರೆ ಮಾಡೋದು, ಅದನ್ನ 700 ಬಾರ್ ಒತ್ತಡಕ್ಕೆ ತುರುಕೋದು ಅಂದ್ರೆ ನಿಮ್ಮ ಕಾರಿನ ಟೈರ್ ಗಾಳಿಗಿಂತ ಮುನ್ನೂರು ಪಟ್ಟು ಜಾಸ್ತಿ, ಆಮೇಲೆ ಮೈನಸ್ 40 ಡಿಗ್ರಿಗೆ ತಣ್ಣಗೆ ಮಾಡಿ ಟ್ಯಾಂಕಿಗೆ ಹಾಕೋದು, ಕಾರೊಳಗಿರೋ ಫ್ಯೂಯೆಲ್ ಸೆಲ್ಲು ಅದನ್ನ ತಗೊಂಡು ಮತ್ತೆ ಕರೆಂಟ್ ಮಾಡಿ ಮೋಟರಿಗೆ ಕೊಡುತ್ತೆ, ಹಿಂದಿನ ಪೈಪಿಂದ ತೊಟ ತೊಟ ಅಂತ ನೀರು ಬೀಳುತ್ತೆ.

ಕರೆಂಟು ಆಗಲೇ ಇತ್ತಲ್ರೀ, ಎರಡನೇ ಮೆಟ್ಟಿಲಲ್ಲೇ! ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ ಅಂತಾರಲ್ಲ, ಇವರು ಇನ್ನೂ ಒಂದು ಹೆಜ್ಜೆ ಮುಂದೆ, ಬೆಣ್ಣೆ ಇಟ್ಕೊಂಡು ಬೆಣ್ಣೆಗೇ ಅಲೀತಿದ್ದಾರೆ. ಈ ಅಲೆದಾಟಕ್ಕೆ ದಾರಿ ಖರ್ಚು ಬೇರೆ. ಪ್ಲಾಂಟಿಂದ 100 ಯೂನಿಟ್ ಹೊರಟ್ರೆ ಚಕ್ರಕ್ಕೆ ಮುಟ್ಟೋದು 30ರ ಆಸುಪಾಸು. ಅದೇ 100 ಯೂನಿಟ್ಟನ್ನ ಸೀದಾ ಬ್ಯಾಟರಿ ಕಾರಿಗೆ ಹಾಕಿದ್ರೆ 75-80 ಚಕ್ರಕ್ಕೇ ಸಿಗುತ್ತೆ.

ಇದರಲ್ಲಿ ಬಣ್ಣದ ಕಥೆ ಬೇರೆ ಇದೆ. ಹೈಡ್ರೋಜನ್ನಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ ಅಂತ ಹೈಸ್ಕೂಲಲ್ಲಿ ಉರು ಹೊಡೆದಿದ್ವಿ, ಈಗ ನೋಡಿದ್ರೆ ನೈಸರ್ಗಿಕ ಅನಿಲದಿಂದ ಬಂದ್ರೆ ಬೂದು, ಅದರ ಹೊಗೆ ಹಿಡಿದಿಟ್ರೆ ನೀಲಿ, ಬಿಸಿಲು ಗಾಳಿಯಿಂದ ಮಾಡಿದ್ರೆ ಹಸಿರು, ನ್ಯೂಕ್ಲಿಯರಿಂದ ಬಂದ್ರೆ ಗುಲಾಬಿ, ಥೇಟ್ ಗೌರಿ ಹಬ್ಬದ ಟೈಮಲ್ಲಿ ಸೀರೆ ಅಂಗಡಿ ತರ. ನಮ್ಮ ಕೇಂದ್ರ ಸರ್ಕಾರನೂ 2023ರ ಜನವರಿಯಲ್ಲಿ ಹಸಿರು ಬಣ್ಣ ಸೆಲೆಕ್ಟ್ ಮಾಡಿ 19,744 ಕೋಟಿ ರೂಪಾಯಿ ಎತ್ತಿಟ್ಟಿದೆ. ರಸಗೊಬ್ಬರಕ್ಕೆ, ರಿಫೈನರಿಗೆ, ಉಕ್ಕಿಗೆ ಹೈಡ್ರೋಜನ್ ನಿಜವಾಗ್ಲೂ ಬೇಕು, ಅದರ ಬಗ್ಗೆ ನಗೋ ಮಾತೇ ಇಲ್ಲ. ನಗು ಬರೋದು ಅದನ್ನ ಕಾರಿಗೆ ಹಾಕ್ತೀನಿ ಅಂದಾಗ.

"ಕರೆಂಟ್ ಯಾಕ್ರೀ, ರಿಯಾಕ್ಟರ್ ಬಿಸಿಯಿಂದಾನೇ ಸೀದಾ ನೀರು ಒಡೀತೀವಿ" ಅಂತ ಇನ್ನೊಂದು ಪಾರ್ಟಿ ಇದೆ. ಅದಕ್ಕೆ ಎಂಟುನೂರು ಒಂಬೈನೂರು ಡಿಗ್ರಿ ಬಿಸಿ ಬೇಕು, ಈಗಿರೋ ಮಾಮೂಲಿ ರಿಯಾಕ್ಟರ್ ನೀರು 300ರ ಹತ್ರ ಬಂದು ಉಸ್ಸಪ್ಪಾ ಅಂತ ನಿಲ್ಲುತ್ತೆ. ಹಂಗಾಗಿ ಅಮೆರಿಕದವರು 2005ರಲ್ಲಿ ಕಾನೂನೇ ಮಾಡಿ, ತಮ್ಮ ಐಡಾಹೋ ರಾಜ್ಯದಲ್ಲಿ ಹೊಸ ತರದ ರಿಯಾಕ್ಟರ್ ಕಟ್ಟಿ 2021ರೊಳಗೆ ಓಡಿಸ್ತೀವಿ ಅಂತ ಬರೆದ್ರು. 2011ರಲ್ಲಿ ಕಟ್ಟೋದು ಬೇಡ ಬಿಡಿ ಅಂದ್ರು. ಬುಷ್ ಹೇಳಿದ ಮಗುಗೆ ಆಗ ಎಂಟು ವರ್ಷ, ಸೈಕಲ್ ಕಲೀತಿತ್ತು.

ಹಾಗಂತ ಏನೂ ಆಗಲೇ ಇಲ್ಲ ಅನ್ನಬೇಡಿ. ನ್ಯೂಯಾರ್ಕ್ ರಾಜ್ಯದ ಆಸ್ವೀಗೋ ಹತ್ರ ನೈನ್ ಮೈಲ್ ಪಾಯಿಂಟ್ ಅಂತ ಅಣು ಸ್ಥಾವರ ಇದೆ, ಅಲ್ಲಿ 2023ರಲ್ಲಿ ಸರ್ಕಾರದ 58 ಲಕ್ಷ ಡಾಲರ್ ಸಹಾಯದಲ್ಲಿ ಎಲೆಕ್ಟ್ರೊಲೈಸರ್ (ಕರೆಂಟಲ್ಲಿ ನೀರು ಒಡೆಯೋ ಮಷೀನು) ಕೂರಿಸಿ ಗುಲಾಬಿ ಹೈಡ್ರೋಜನ್ ತೆಗೆದೇಬಿಟ್ರು. ದಿನಕ್ಕೆ 560 ಕಿಲೋ ತನಕ ಬರುತ್ತೆ. ಅಂದ್ರೆ ಸುಮಾರು ನೂರು ಕಾರಿನ ಟ್ಯಾಂಕು. ಅದಕ್ಕೆ ಹೋಗೋ ಕರೆಂಟು 30,000 ಯೂನಿಟ್, ಅದರಲ್ಲಿ 60 ಯೂನಿಟ್ ಬ್ಯಾಟರಿಯ ಐನೂರು ಕಾರು ಫುಲ್ ಚಾರ್ಜ್ ಆಗ್ತಿದ್ವು. ಹೈಡ್ರೋಜನ್ ಕಾರು ಒಂದು ಟ್ಯಾಂಕಲ್ಲಿ ಹೆಚ್ಚು ದೂರ ಹೋಗುತ್ತೆ, ಒಪ್ಕೋತೀನಿ, ಆದ್ರೆ ಕಿಲೋಮೀಟರ್ ಲೆಕ್ಕ ಹಾಕಿದ್ರೂ ಬ್ಯಾಟರಿದು ಮೂರು ಪಟ್ಟು. ಅದೆಲ್ಲ ಬಿಡಿ, ಅಷ್ಟು ಕಷ್ಟಪಟ್ಟು ತೆಗೆದ ಹೈಡ್ರೋಜನ್ ಯಾವ ಕಾರಿಗೆ ಹೋಯ್ತು ಗೊತ್ತಾ? ಯಾವ ಕಾರಿಗೂ ಇಲ್ಲ. ಸ್ಥಾವರಕ್ಕೇ ಜನರೇಟರ್ ತಂಪು ಮಾಡೋದಕ್ಕೆ ಅದಕ್ಕೆ ಇದಕ್ಕೆ ಅಂತ ಹೈಡ್ರೋಜನ್ ಬೇಕಂತೆ, ಮನೇಲಿ ಮಾಡಿ ಮನೇಲೇ ತಿಂದ್ರು! ಈ ಇಡೀ ಕಥೇಲಿ ಬುದ್ಧಿವಂತಿಕೆ ಕೆಲಸ ಅಂತ ನನಗೆ ಕಂಡಿದ್ದು ಇದೊಂದೇ.

ಹೈಡ್ರೋಜನ್ ಕಾರುಗಳು ಇದ್ದಿದ್ದು ದೇಶದ ಇನ್ನೊಂದು ತುದೀಲಿ, ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಮಗುಗೆ 2019ರಲ್ಲಿ ಹದಿನಾರು ತುಂಬಿ ಲೈಸೆನ್ಸ್ ತಗೊಳೋ ವಯಸ್ಸು ಬಂತು, ಸರಿಯಾಗಿ ಅದೇ ವರ್ಷ ಜೂನ್‌ನಲ್ಲಿ ಸಾಂತಾ ಕ್ಲಾರಾದ ಒಂದು ಹೈಡ್ರೋಜನ್ ಘಟಕದಲ್ಲಿ ಸ್ಫೋಟ ಆಗಿ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಬಂಕುಗಳಲ್ಲಿ ತಿಂಗಳುಗಟ್ಟಲೆ ಪರದಾಟ. ಗ್ಯಾಸ್ ಇದ್ದ ದಿನ ಇನ್ನೊಂದು ರಗಳೆ, ಮೈನಸ್ 40ರ ಗ್ಯಾಸ್ ಬಿಟ್ಟಾಗ ನಾಝಲ್ಲು ಮಂಜುಗಟ್ಟಿ ಕಾರಿಗೇ ಕಚ್ಕೊಳುತ್ತೆ, ಅದು ಕರಗೋ ತನಕ ಕೈಕಟ್ಟಿಕೊಂಡು ನಿಂತಿರಬೇಕು. ಆಮೇಲೆ ಕಿಲೋಗೆ 36 ಡಾಲರ್ ಆಯ್ತು, ಟ್ಯಾಂಕ್ ತುಂಬಿಸೋಕೆ ಇನ್ನೂರು ಡಾಲರ್. 2024ರ ಫೆಬ್ರವರಿಯಲ್ಲಿ ಶೆಲ್ ಕಂಪನಿ ಕಾರುಗಳಿಗೆ ಅಂತ ಇದ್ದ ತನ್ನ ಏಳು ಬಂಕಿಗೂ ಬೀಗ ಹಾಕ್ತು.

ಮಗು ಈಗ ಗಡ್ಡ ಬಿಟ್ಕೊಂಡು ಓಡಾಡೋ ಹುಡುಗ ಅಂತಿಟ್ಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲೇ ಕೆಲಸ, ಸೆಕೆಂಡ್ ಹ್ಯಾಂಡ್ ಬ್ಯಾಟರಿ ಕಾರು. ಆ ರಾಜ್ಯದ ಕರೆಂಟಲ್ಲಿ ಶೇಕಡಾ 8-9ರಷ್ಟು ಡಯಾಬ್ಲೊ ಕ್ಯಾನ್ಯನ್ ಅಣು ಸ್ಥಾವರದ್ದು. ಸಂಜೆ ಮನೆಗೆ ಬಂದು ಕಾರಿಗೆ ಪ್ಲಗ್ ಸಿಕ್ಕಿಸಿ, ಶೂ ಬಿಚ್ಚಿ, ಊಟಕ್ಕೆ ಏನಿದೆ ಅಂತ ಫ್ರಿಡ್ಜ್ ತೆಗೀತಾನೆ.