ಹರ್ಬ್ ಸ್ಕೋರ್‌ಗೆ ಕೈಕೊಟ್ಟಿದ್ದು ಅವನ ಕೈಯೇ

ಹಳೇ ಬೇಸ್‌ಬಾಲ್ ಕಥೆ ಹೇಳುವವರಿಗೆ ಹರ್ಬ್ ಸ್ಕೋರ್ ಅಂದರೆ ಒಂದೇ ಒಂದು ಚೆಂಡು, ಕಣ್ಣಿಗೆ ಬಡಿದು ಅವನ ಆಟವನ್ನೇ ಮುಗಿಸಿತು ಅನ್ನುವ ಚೆಂಡು. ಹೆಸರು ಬಂದ ಕೂಡಲೇ "ಅಯ್ಯೋ ಪಾಪ, ಆ ಏಟು ಬೀಳದೇ ಇದ್ದಿದ್ದರೆ..." ಅಂತ ರಾಗ ಶುರು. ನನಗೆ ಇದನ್ನು ಓದಿ ಓದಿ ಸಾಕಾಗಿದೆ. ಸ್ವತಃ ಸ್ಕೋರ್ ಈ ಕಥೆಯನ್ನು ಒಪ್ಪಿದವನೇ ಅಲ್ಲ.

ಅವನು ಎಡಗೈ ಪಿಚರ್. ನಮ್ಮ ಲೆಕ್ಕದಲ್ಲಿ ಬೌಲರ್ ಅನ್ನಿ, ಆದರೆ ಓಡಿ ಬರುವ ಹಾಗಿಲ್ಲ, ನಿಂತಲ್ಲಿಂದಲೇ ಬೀಸಬೇಕು. 1955ರಲ್ಲಿ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಂಡಕ್ಕೆ ಬಂದ. ಮೊದಲ ವರ್ಷವೇ 245 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಹಾಕಿ ಬ್ಯಾಟರ್‌ನನ್ನು ಔಟ್ ಮಾಡುವುದು! 20ನೇ ಶತಮಾನದಲ್ಲಿ ಯಾವ ಹೊಸಬನೂ ಅಷ್ಟು ಮಾಡಿರಲಿಲ್ಲ. ಅದನ್ನು ಮುರಿಯಲು 1984ರಲ್ಲಿ ಡ್ವೈಟ್ ಗುಡನ್ ಅನ್ನುವ ಇನ್ನೊಬ್ಬ ಹೊಸಬ ಬರಬೇಕಾಯಿತು. ಮರುವರ್ಷ 20 ಗೆಲುವು (ಬೇಸ್‌ಬಾಲ್‌ನಲ್ಲಿ ಗೆಲುವು-ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ), 263 ಸ್ಟ್ರೈಕ್‌ಔಟ್. 1957ರ ಮಾರ್ಚ್‌ನಲ್ಲಿ ಬಾಸ್ಟನ್‌ನವರು ಅವನಿಗಾಗಿ 10 ಲಕ್ಷ ಡಾಲರ್ ಕೊಡುತ್ತೇವೆ ಅಂದರು. ಆ ಕಾಲದ 10 ಲಕ್ಷ! ಕ್ಲೀವ್‌ಲ್ಯಾಂಡ್ ಬೇಡ ಅಂದಿತು.

ಮೇ 7, 1957. ಎದುರಿಗೆ ನ್ಯೂಯಾರ್ಕ್ ಯಾಂಕೀಸ್. ಮೊದಲ ಇನ್ನಿಂಗ್ಸ್, ಎರಡನೇ ಬ್ಯಾಟರ್ ಗಿಲ್ ಮೆಕ್‌ಡೂಗಲ್ಡ್. ಪಿಚರ್‌ಗೂ ಬ್ಯಾಟರ್‌ಗೂ ನಡುವೆ ಅರವತ್ತೂವರೆ ಅಡಿ, ಅಂದರೆ ನಮ್ಮ ಕ್ರಿಕೆಟ್ ಪಿಚ್‌ಗಿಂತ ಕಡಿಮೆ. ಸ್ಕೋರ್ ಇಡೀ ಮೈ ಹಾಕಿ ಎಸೆಯುವವನು, ಎಸೆದಾದ ಮೇಲೆ ಇನ್ನೂ ಮುಂದಕ್ಕೆ ಬಂದಿರುತ್ತಾನೆ. ತಲೆ ಎತ್ತುವಷ್ಟರಲ್ಲಿ ಮೆಕ್‌ಡೂಗಲ್ಡ್ ಹೊಡೆದ ಚೆಂಡು ನೇರ ಬಲಗಣ್ಣಿಗೆ. ಮುಖಕ್ಕೆ ಬಡಿದ ಚೆಂಡು ಥರ್ಡ್ ಬೇಸ್‌ಮನ್, ಅಂದರೆ ಮೂರನೇ ಬೇಸ್ ಕಾಯುವ ಫೀಲ್ಡರ್ ಕಡೆ ಸಿಡಿಯಿತು. ಅವನು ಹೆಕ್ಕಿ ಎಸೆದ, ಮೆಕ್‌ಡೂಗಲ್ಡ್ ಔಟ್. ಆಟ ಅಂದರೆ ಹೀಗೇ ನೋಡಿ. ಒಬ್ಬ ರಕ್ತ ಸುರಿಸುತ್ತಾ ಬಿದ್ದಿದ್ದಾನೆ, ಸ್ಕೋರ್‌ಬುಕ್‌ನಲ್ಲಿ ಒಂದು ಔಟ್ ಬರೆದುಕೊಳ್ಳಬೇಕು.

ಅವನ ಕಣ್ಣು ಹೋದರೆ ನಾನು ಆಟವನ್ನೇ ಬಿಡುತ್ತೇನೆ ಅಂದುಬಿಟ್ಟ ಮೆಕ್‌ಡೂಗಲ್ಡ್. ಕಣ್ಣು ಉಳಿಯಿತು. ಆ ವರ್ಷದ ಉಳಿದ ಆಟ ಮಾತ್ರ ಹೋಯಿತು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ಹೆದರಿಕೊಂಡ, ಎಸೆಯುವ ಶೈಲಿ ಬದಲಾಯಿತು, ಮುಗಿದೇಹೋಯಿತು ಅಂತ. ಆದರೆ 1958ರ ಏಪ್ರಿಲ್‌ನಲ್ಲಿ ಅವನು ವಾಪಸ್ ಬಂದು ಶಿಕಾಗೋ ವೈಟ್ ಸಾಕ್ಸ್‌ಗೆ ಒಂದೂ ರನ್ ಕೊಡದೆ 13 ಸ್ಟ್ರೈಕ್‌ಔಟ್ ಮಾಡಿದ. ಹೆದರಿದವನು ಮಾಡುವ ಕೆಲಸವಾ ಇದು? ಕೆಲವೇ ದಿನಗಳಲ್ಲಿ ವಾಷಿಂಗ್ಟನ್‌ನಲ್ಲಿ ತೇವದ ರಾತ್ರಿಯೊಂದರಲ್ಲಿ ಮೊಣಕೈ ಹತ್ತಿರ ಏನೋ ಹರಿಯಿತು. ನೋವು ತಪ್ಪಿಸಿಕೊಳ್ಳಲು ಬೇರೆ ಥರ ಎಸೆಯತೊಡಗಿದೆ, ಕೆಟ್ಟ ಅಭ್ಯಾಸ ಅಂಟಿಕೊಂಡವು ಅಂತ ಅವನೇ ಹೇಳಿದ್ದಾನೆ. ಮೊಣಕೈಯ ಹರಿದ ಲಿಗಮೆಂಟ್ ಸರಿಪಡಿಸುವ ಟಾಮಿ ಜಾನ್ ಆಪರೇಷನ್ ಬಂದಿದ್ದೇ 1974ರಲ್ಲಿ. 1958ರಲ್ಲಿ ಕೈ ನೋವು ಅಂದರೆ ವಿಶ್ರಾಂತಿ ತಗೋ, ಅಷ್ಟೇ.

ಮೆಕ್‌ಡೂಗಲ್ಡ್‌ಗೆ ಬೇಜಾರಾಗದಿರಲಿ ಅಂತ ಹಾಗೆ ಹೇಳಿರಬಹುದು ಅಂತ ನನಗೂ ಒಮ್ಮೆ ಅನುಮಾನ ಬಂದಿತ್ತು. ಆ 13 ಸ್ಟ್ರೈಕ್‌ಔಟ್ ನೋಡಿದ ಮೇಲೆ ಅನುಮಾನ ಹೋಯಿತು. ನಮಗೆ ರಕ್ತ ಕಾಣುವ ಕಥೆ ಬೇಕು. ಮೊಣಕೈ ಒಳಗೆ ಹರಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಆದರೆ ಕಣ್ಣಿನ ಕಥೆ ಹೇಳಿದಷ್ಟೂ ಸಲ ತಪ್ಪೇ ಮಾಡದ ಮೆಕ್‌ಡೂಗಲ್ಡ್ ಸುಮ್ನೆ ಅಪರಾಧಿಯಾಗುತ್ತಾನೆ.

1960ರಲ್ಲಿ ಸ್ಕೋರ್‌ನನ್ನು ಶಿಕಾಗೋ ತಂಡಕ್ಕೆ ಕಳಿಸಿದರು. 1962ರ ಹೊತ್ತಿಗೆ ದೊಡ್ಡ ಲೀಗ್ ಮುಗಿಯಿತು. ಒಟ್ಟು 55 ಗೆಲುವು, 46 ಸೋಲು. ಅದರಲ್ಲಿ 36 ಗೆಲುವು ಮೊದಲ ಎರಡು ವರ್ಷದವು.

ಪಾಪ ಅನ್ನುವವರು ಇದರ ಮುಂದಿನ 34 ವರ್ಷ ಮರೆಯುತ್ತಾರೆ. 1964ರಿಂದ ಅವನು ಕ್ಲೀವ್‌ಲ್ಯಾಂಡ್‌ನ ಕಾಮೆಂಟೇಟರ್. ಮೊದಲು ಟಿವಿ, 1968ರಿಂದ ರೇಡಿಯೋ. ಹೆಸರು ಅದಲುಬದಲು ಮಾಡುತ್ತಿದ್ದ, ಎಲ್ಲಿ ಆಟ ನಡೀತಿದೆ ಅನ್ನುವುದೇ ತಪ್ಪುತ್ತಿತ್ತು. ಕೇಳುವವರಿಗೆ ಅದೂ ಇಷ್ಟವೇ. ಅದರಲ್ಲಿ ಜಾಸ್ತಿ ವರ್ಷ ತಂಡ ಬರೀ ಸೋಲುತ್ತಿತ್ತು. ಸೋಲುವ ತಂಡಕ್ಕೆ ದಿನಾ ಸಂಜೆ ಮೈಕ್ ಹಿಡಿದು ಕೂರುವುದು ತಮಾಷೆಯಲ್ಲ.

1997ರ ವರ್ಲ್ಡ್ ಸೀರೀಸ್, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿಯ ಏಳನೇ ಪಂದ್ಯ ಮಯಾಮಿಯಲ್ಲಿ. ಕೊನೆಯದಾಗಬೇಕಿದ್ದ 9ನೇ ಇನ್ನಿಂಗ್ಸ್‌ನಲ್ಲಿ ಗೆಲ್ಲಲು ಎರಡೇ ಔಟ್ ಬಾಕಿ ಇದ್ದಾಗ ಕ್ಲೀವ್‌ಲ್ಯಾಂಡ್ ಕೈಚೆಲ್ಲಿತು, ಆಟ ಸಮವಾಗಿ ಮುಂದುವರಿದು 11ನೇ ಇನ್ನಿಂಗ್ಸ್‌ನಲ್ಲಿ ಸೋತಿತು. ಆ ಸೋಲನ್ನು ಊರಿಗೆ ಹೇಳಿದ್ದೂ ಸ್ಕೋರೇ. ಅದೇ ಅವನ ಕೊನೆಯ ಕಾಮೆಂಟರಿ.