ಎಳೆದ ಚಿತ್ರ ಒಂದೇ, ಕೈಗೆ ಬರುವುದು ಬೇರೆ ಬೇರೆ

ಕಂಪ್ಯೂಟರಿನ ಫೋಲ್ಡರ್‌ನಿಂದ ಚಿತ್ರವೊಂದನ್ನು ಎಳೆದು ಜಾಲಪುಟದ ಮೇಲೆ ಬಿಟ್ಟರೆ ಇಂದಿನ ಪ್ರಮುಖ ಬ್ರೌಸರ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತವೆ. ಪುಟಕ್ಕೆ ಫೈಲ್ ಸಿಗುತ್ತದೆ. ತಕರಾರು ಇರುವುದು ಒಂದು ಪುಟದಲ್ಲಿ ಕಾಣುವ ಚಿತ್ರವನ್ನು ಎಳೆದು ಮತ್ತೊಂದು ಪುಟದ ಮೇಲೆ ಬಿಡುವಲ್ಲಿ. ಆಗ ಬ್ರೌಸರ್ ಚಿತ್ರದ ವಿಳಾಸವನ್ನು ದಾಟಿಸಬಹುದು, ಅದನ್ನು ತೋರಿಸುವ ಎಚ್‌ಟಿಎಂಎಲ್ (ಜಾಲಪುಟಗಳನ್ನು ಬರೆಯುವ ಭಾಷೆ) ತುಣುಕನ್ನು ದಾಟಿಸಬಹುದು, ಇಲ್ಲವೇ ಚಿತ್ರವನ್ನೇ ಫೈಲ್ ರೂಪದಲ್ಲಿ ಕೊಡಬಹುದು. ಇವುಗಳಲ್ಲಿ ಯಾವುದು ಜೊತೆಗೆ ಬರುತ್ತದೆ ಎಂಬುದು ಬ್ರೌಸರ್‌ನಿಂದ ಬ್ರೌಸರ್‌ಗೆ, ಕೆಲವೊಮ್ಮೆ ಆಪರೇಟಿಂಗ್ ಸಿಸ್ಟಂನಿಂದ ಸಿಸ್ಟಂಗೆ ಬದಲಾಗುತ್ತದೆ. ಫೈರ್‌ಫಾಕ್ಸ್ ಇವುಗಳ ಜೊತೆಗೆ ತನಗಷ್ಟೇ ಅರ್ಥವಾಗುವ ಕೆಲವು ಮಾಹಿತಿ ಮಾದರಿಗಳನ್ನೂ ಸೇರಿಸುತ್ತದೆ. ಚಿತ್ರವು ಲಿಂಕ್ ಒಂದರ ಒಳಗಿದ್ದರಂತೂ ಚಿತ್ರದ ವಿಳಾಸಕ್ಕೆ ಬದಲಾಗಿ ಆ ಲಿಂಕ್‌ನ ವಿಳಾಸ ಕೈಗೆ ಬರುವುದುಂಟು.

ವಿಳಾಸ ಮಾತ್ರ ಸಿಕ್ಕರೆ ಸಾಲದೇ ಎಂದು ಕೇಳಬಹುದು. ಸಾಲದು. ಬೇರೊಂದು ತಾಣದಲ್ಲಿರುವ ಚಿತ್ರದ ಒಳಗಿನ ಮಾಹಿತಿಯನ್ನು ಆ ತಾಣದ ಅನುಮತಿಯಿಲ್ಲದೆ ಪುಟದ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ಓದುವಂತಿಲ್ಲ. ಇದು ಬಳಕೆದಾರರ ಸುರಕ್ಷತೆಗಾಗಿ ಇರುವ ನಿಯಮ, ಸರಿಯಾದದ್ದೇ. ಆದ್ದರಿಂದ ವಿಳಾಸವನ್ನು ತಾಣವನ್ನು ನಡೆಸುವ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ ಕಳಿಸಿ, ಅದು ಚಿತ್ರವನ್ನು ತರಿಸಿಕೊಳ್ಳುವಂತೆ ಬರೆಯಬೇಕಾಗುತ್ತದೆ. ಈ ಕೆಲಸ ಮಾಡದ ತಾಣಗಳಲ್ಲಿ ಚಿತ್ರ ಬಿಟ್ಟಾಗ ಏನೂ ಆಗುವುದಿಲ್ಲ, ಏಕೆ ಆಗಲಿಲ್ಲವೆಂಬ ಒಂದು ಸಾಲೂ ಕಾಣುವುದಿಲ್ಲ.

ಈ ಗೊಂದಲಕ್ಕೆ ಇತಿಹಾಸವಿದೆ. ಎಳೆದು ಬಿಡುವ ಈಗಿನ ವ್ಯವಸ್ಥೆಯ ಮೂಲ 1999ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5. ಸಫಾರಿ ಅದನ್ನು ಅನುಸರಿಸಿತು. ಎಚ್‌ಟಿಎಂಎಲ್‌ನ ಮುಂದಿನ ಆವೃತ್ತಿಯಾದ ಎಚ್‌ಟಿಎಂಎಲ್5 ಬರೆದವರು ಹೊಸದಾಗಿ ಯೋಚಿಸುವ ಬದಲು ಆಗಲೇ ಬಳಕೆಯಲ್ಲಿದ್ದುದನ್ನೇ ಮಾನದಂಡವಾಗಿಸಿದರು. ಹಾಗಾಗಿಯೇ, ಚಿತ್ರವು ಪುಟದ ಮೇಲೆ ಹಾದುಹೋಗುವಾಗ ಬ್ರೌಸರ್‌ನ ಸಹಜ ವರ್ತನೆಯನ್ನು ತಡೆದರೆ ಮಾತ್ರ ಅದನ್ನು ಅಲ್ಲಿ ಬಿಡಲು ಸಾಧ್ಯವೆಂಬ ವಿಚಿತ್ರ ಕಟ್ಟಳೆ ಇಂದಿಗೂ ಉಳಿದಿದೆ. ಹೊಸದಾಗಿ ಕೋಡ್ ಬರೆಯುವವರು ಮೊದಲು ಎಡವುವುದು ಇಲ್ಲೇ.

ಪುಟದಿಂದ ಹೊರಕ್ಕೆ ಎಳೆಯುವಾಗಲೂ ಒಮ್ಮತವಿಲ್ಲ. ಎಳೆದ ವಸ್ತುವನ್ನು ಡೆಸ್ಕ್‌ಟಾಪ್ ಮೇಲೆ ಬಿಟ್ಟಾಗ ಪುಟ ಸೂಚಿಸಿದ ಫೈಲ್ ಇಳಿಯುವಂತೆ ಮಾಡುವ ಸೌಲಭ್ಯವನ್ನು ಕ್ರೋಮ್ ತಂದಿತು, ಜಿಮೇಲ್ 2010ರಲ್ಲಿ ಅದನ್ನು ಲಗತ್ತುಗಳಿಗೆ ಬಳಸಿತು. ಅದು ಮಾನದಂಡದ ಭಾಗವಾಗಲಿಲ್ಲ. ಚಿತ್ರವನ್ನು ಎಳೆಯದಂತೆ ತಡೆಯುವ ಸಿಎಸ್ಎಸ್ (ಪುಟದ ಅಂದವನ್ನು ನಿರ್ಧರಿಸುವ ಭಾಷೆ) ಸೂಚನೆಯೊಂದು ಕ್ರೋಮ್ ಮತ್ತು ಸಫಾರಿಯಲ್ಲಿ ನಡೆಯುತ್ತದೆ, ಫೈರ್‌ಫಾಕ್ಸ್‌ನಲ್ಲಿ ನಡೆಯುವುದಿಲ್ಲ. (ಹಾಗೆ ತಡೆದರೆ ಚಿತ್ರ ಕಳುವಾಗದು ಎಂದು ನಂಬುವವರ ಭೋಳೆತನಕ್ಕೆ ಏನು ಹೇಳುವುದು!)

ಬ್ರೌಸರ್ ತಯಾರಕರನ್ನು ದೂರುವುದು ಸುಲಭ; ನನ್ನ ಅಸಮಾಧಾನ ಇರುವುದು, ಇಂಥ ಬ್ರೌಸರ್‌ನಲ್ಲೇ ತೆರೆಯಿರಿ ಎಂದು ಬರೆದು ಕೈತೊಳೆದುಕೊಳ್ಳುವ ತಾಣಗಳ ಮೇಲೆ. ವಿಳಾಸ, ಎಚ್‌ಟಿಎಂಎಲ್ ತುಣುಕು, ಫೈಲ್ ಈ ಮೂರೂ ರೂಪಗಳನ್ನು ಒಂದಾದ ಮೇಲೊಂದು ಪರೀಕ್ಷಿಸುವ ಕೋಡ್ ಬರೆಯುವುದು ಬ್ರಹ್ಮವಿದ್ಯೆಯೇನಲ್ಲ. ಎಳೆಯುವ ಕ್ರಿಯೆಗೆ ಪರ್ಯಾಯವಾಗಿ, ಎಳೆಯದೆಯೇ ಕೆಲಸ ಮುಗಿಸುವ ದಾರಿಯೊಂದು ಇರಬೇಕೆಂದು ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ರೂಪಿಸಿದ 2023ರ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯೂ ಹೇಳುತ್ತದೆ. ಕೈ ನಡುಗುವವರಿಗೆ, ಒತ್ತಿ ಹಿಡಿದರೆ ಮೆನು ತೆರೆದುಕೊಳ್ಳುವ ಫೋನ್ ಬಳಸುವವರಿಗೆ, ಫೈಲ್ ಆಯ್ದುಕೊಳ್ಳುವ ಸಾದಾ ಬಟನ್ ಎಳೆದು ಬಿಡುವ ಚೌಕಕ್ಕಿಂತ ಮೊದಲು ಕಾಣಬೇಕು.