ಆ ಕೆಸರನ್ನು ಹಾಗೇ ಬಿಡಿ

ನಾವು ದಿನಾ ವಾಕಿಂಗ್ ಹೋಗುವ ಜೌಗು ಉದ್ಯಾನದಲ್ಲಿ ಈಗ ನೀರು ಇಳಿದಿದೆ. ಅಂಚಿನುದ್ದಕ್ಕೂ ಕೆಸರು, ಆಳೆತ್ತರದ ಜೊಂಡು. ಇದನ್ನೆಲ್ಲ ಕಿತ್ತು ಹಾಕಿ, ಸುತ್ತಲೂ ಕಲ್ಲು ಕಟ್ಟಿಸಿ, ವರ್ಷಪೂರ್ತಿ ನೀರು ತುಂಬಿಸಿಡಿ ಅಂತ ಒಂದು ಮನವಿಪತ್ರ ಓಡಾಡುತ್ತಿದೆ. ನನ್ನ ಜೊತೆ ನಡೆಯುವವರೊಬ್ಬರೇ ತಂದು ಕೊಟ್ಟರು. ಒಳ್ಳೆಯ ಮನಸ್ಸಿನವರು, ಜಾಗ ಚೆಂದ ಕಾಣಲಿ ಅನ್ನೋದಷ್ಟೇ ಅವರ ಆಸೆ. ಆದರೂ ನಾನು ಸಹಿ ಹಾಕಲಿಲ್ಲ. ಯಾಕೆ ಅಂತ ಹೇಳಬೇಕು.

ಹಕ್ಕಿಗಳು ಬರುವುದೇ ಆ ಕೆಸರಿಗೆ.

ನೀರು ತುಂಬಿದ್ದಾಗ ಅಲ್ಲಿ ಕಾಣುತ್ತಿದ್ದದ್ದು ಮುಳುಗು ಹಾಕುವ ನೀರುಕಾಗೆ, ಗುಳುಮುಳುಕ, ಒಂದಷ್ಟು ನಾಮದ ಕೋಳಿ. ನೀರು ಗೇಣುದ್ದಕ್ಕೆ ಇಳಿಯುತ್ತಿದ್ದಂತೆ ಮೆಟ್ಟುಗಾಲು ಹಕ್ಕಿಗಳು ಬಂದವು, ಹಿಂದೆಯೇ ಗದ್ದೆಗೊರವಗಳು. ಈ ಗೊರವ ಮರಿ ಮಾಡುವುದು ಯುರೋಪು, ಏಷ್ಯಾಗಳ ಉತ್ತರ ಭಾಗದ ಜೌಗುಗಳಲ್ಲಿ. ಅಲ್ಲಿ ಚಳಿ ಹಿಡಿಯುವ ಮೊದಲೇ ಸಾವಿರಾರು ಕಿಲೋಮೀಟರ್ ಹಾರಿ ದಕ್ಷಿಣಕ್ಕೆ ಬರುತ್ತದೆ. ಅಂಗೈ ಮೇಲೆ ಕೂರುವಷ್ಟು ಪುಟ್ಟ ಹಕ್ಕಿ! ಅಷ್ಟು ದೂರದಿಂದ ಬಂದು ಅದು ಹುಡುಕುವುದು ಕೊಕ್ಕು ಊರಿ ಹುಳ ಹೆಕ್ಕಲು ಒಂದಿಷ್ಟು ಹಸಿ ಕೆಸರು. ಕಲ್ಲಿನ ಗೋಡೆ ನೆಟ್ಟಗೆ ಆಳದ ನೀರಿಗೆ ಇಳಿದರೆ ಅದು ಕಾಲೂರುವುದು ಎಲ್ಲಿ?

ಮಿಂಚುಳ್ಳಿಯ ಗತಿಯೂ ಅದೇ. ಅದು ಮರದ ಮೇಲೆ ಗೂಡು ಕಟ್ಟುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ, ಮಣ್ಣಿನ ದಿಣ್ಣೆಯಲ್ಲಿ ಉದ್ದಕ್ಕೆ ಬಿಲ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ದಂಡೆಗೆ ಸಿಮೆಂಟ್ ಬಳಿದ ದಿನವೇ ಆ ಬಾಗಿಲು ಮುಚ್ಚಿತು.

ಇನ್ನು ಜೊಂಡು, ನೀರ ಮೇಲಿನ ಎಲೆಗಳ ವಿಷಯ. ಹೋದ ಮಳೆಗಾಲದ ಒಂದು ಬೆಳಗ್ಗೆ ಜೊಂಡಿನ ಮರೆಯಲ್ಲಿ ನಿಂತು ಒಂದು ದೇವನಕ್ಕಿಯನ್ನು ನೋಡುತ್ತಿದ್ದೆ. ಈ ಹಕ್ಕಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ; ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಅಪ್ಪನೇ. ತಾವರೆ ಎಲೆಗಳ ಮೇಲೆ ಅದರ ಮರಿಗಳು ಓಡಾಡುತ್ತಿದ್ದವು. ಮೇಲೆ ಹದ್ದಿನ ನೆರಳು ಹಾದುಹೋಯಿತು. ಅಪ್ಪ ಮೊಣಕಾಲು ಮಡಚಿ ಕುಕ್ಕರಿಸಿ ರೆಕ್ಕೆ ಸ್ವಲ್ಪ ಸಡಿಲಿಸಿತು, ಮರಿಗಳು ಒಳಗೆ ನುಗ್ಗಿದವು. ರೆಕ್ಕೆ ಬಿಗಿದುಕೊಂಡು ಎದ್ದು ನಡೆಯಿತು ನೋಡಿ, ಎರಡೂ ಕಂಕುಳಿಂದ ದಾರದಂಥ ಉದ್ದುದ್ದ ಕಾಲುಗಳು ಜೋತಾಡುತ್ತಿದ್ದವು. ಬೈನಾಕ್ಯುಲರ್ ಹಿಡಿದ ನನ್ನ ಕೈ ನಡುಗಿತು. ಮನವಿಪತ್ರದಲ್ಲಿ 'ಕಳೆ' ಅಂತ ಬರೆದಿರುವುದು ಆ ಎಲೆಗಳನ್ನೇ.

(ನೀರಿನ ಮೇಲೆ ಗಾಳಿಯೂ ಆಡದ ಹಾಗೆ ಅಂತರಗಂಗೆ ಹಬ್ಬಿದರೆ ತೆಗೆಯಲೇಬೇಕು, ಅದರಲ್ಲಿ ತಕರಾರಿಲ್ಲ. ಅದು ಬೇರೆ, ಜೊಂಡು ಬೇರೆ.)

ನೀರು ಇಳಿಯುವುದು ಅವಮಾನವೂ ಅಲ್ಲ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್‌ನಲ್ಲಿ ಸಹಿಯಾದ, ಜೌಗುಗಳನ್ನು ಉಳಿಸುವ ಅಂತರರಾಷ್ಟ್ರೀಯ ಒಪ್ಪಂದವೇ ಜೌಗು ಪ್ರದೇಶ ಅನ್ನುವುದರಲ್ಲಿ ಸಹಜವೋ ಕೃತಕವೋ, ಶಾಶ್ವತವೋ ತಾತ್ಕಾಲಿಕವೋ ಎಲ್ಲವನ್ನೂ ಸೇರಿಸಿಕೊಂಡಿದೆ. ನಾವು ತೋಡಿದ ಹೊಂಡವೂ, ಬೇಸಿಗೆಯಲ್ಲಿ ಒಣಗುವ ತಗ್ಗೂ ಜೌಗೇ. ತುಂಬುವುದು, ಇಳಿಯುವುದು ಎರಡೂ ಅದರ ಉಸಿರಾಟ.

ನಡೆಯುವವರಿಗೆ ದಾರಿ ಬೇಡ ಅನ್ನುತ್ತಿಲ್ಲ. ನಾನೂ ನಡೆಯುವವನೇ, ಮೊಣಕಾಲು ನೋವಿನವರಿಗೆ ಸಮತಟ್ಟು ದಾರಿ ಎಷ್ಟು ಮುಖ್ಯ ಅಂತ ಗೊತ್ತು. ಒಂದು ಬದಿಗೆ ದಾರಿ ಇರಲಿ, ಕೂರಲು ಬೆಂಚು ಇರಲಿ. ಇನ್ನೊಂದು ಬದಿಯನ್ನು ಪೂರ್ತಿ ಹಕ್ಕಿಗಳಿಗೆ ಬಿಡೋಣ: ದೀಪ ಬೇಡ, ಸ್ಪೀಕರ್ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನೂ ದಯವಿಟ್ಟು ನಿಲ್ಲಿಸಿ, ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಅದು ಗೂಡು ಬಿಟ್ಟು ಗಾಬರಿಯಿಂದ ಓಡಿ ಬರುತ್ತದೆ.

ಮನವಿಪತ್ರ ನಿಮ್ಮ ಕೈಗೂ ಬರಬಹುದು. ಪೆನ್ನು ತೆಗೆಯುವ ಮೊದಲು ಒಂದು ಬೆಳಗ್ಗೆ ಆ ಕೆಸರಿನ ಪಕ್ಕ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಬೈನಾಕ್ಯುಲರ್ ಇಲ್ಲದಿದ್ದರೆ ಹೇಳಿ, ನನ್ನದನ್ನೇ ತರುತ್ತೇನೆ.